ಹದಿನಾರನೇ ಮಹಡಿಯ ಅಮೆರಿಕ ಶಾಖೆ

ಕಳೆದ ತಿಂಗಳು ಹದಿನಾರನೇ ಮಹಡಿಯ ನಮ್ಮ ಎದುರು ಮನೆಯವರು ಮಲೇಶಿಯಾದ ಪುಚೊಂಗ್ ಬಿಟ್ಟು ಸಿಂಗಾಪುರಕ್ಕೆ ಹೋದರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮಕ್ಕಳ ಅಜ್ಜಿ. ಸಾಮಾನಿನ ಲಾರಿ ಕೆಳಗೆ ನಿಂತಿದ್ದಾಗ ಅಜ್ಜಿ ನಮ್ಮ ಬಾಗಿಲು ತಟ್ಟಿ, ಲಾಡಿ ಕಟ್ಟಿದ ಹನ್ನೆರಡು ರಟ್ಟಿನ ಕಡತಗಳನ್ನು ನನ್ನ ಕೈಗಿತ್ತರು. ಸುಮ್ಮನೆ ಕೊಟ್ಟು ಹೋಗಲಿಲ್ಲ. 'ಹನ್ನೆರಡು ಕಡತ ಸ್ವೀಕರಿಸಿದೆ' ಎಂದು ಒಂದು ಚೀಟಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು, ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡ ಮೇಲೆಯೇ ಲಿಫ್ಟಿನತ್ತ ಹೊರಟರು. ಕಡತಗಳ ಮೇಲೆ ದುಂಡನೆಯ ಅಕ್ಷರಗಳಲ್ಲಿ 'ಅಮೆರಿಕ: ತೆರಿಗೆ', 'ಅಮೆರಿಕ: ಶಾಲೆಗಳು', 'ಅಮೆರಿಕ: ಗಡಿ', 'ಅಮೆರಿಕ: ಸಂಕೀರ್ಣ' ಎಂದೆಲ್ಲ ಬರೆದಿದೆ. ಇವನ್ನು ಎಲ್ಲಿಡೋದು ಎಂದು ನನ್ನ ಹೆಂಡತಿ ಕೇಳಿದಳು. ಸದ್ಯಕ್ಕೆ ಅಕ್ಕಿ ಡಬ್ಬದ ಪಕ್ಕದಲ್ಲಿವೆ.

ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅವರು ಒಂದೇ ಷರತ್ತು ಹಾಕಿದರು.

“ಹೆಸರು ಹಾಕಬ್ಯಾಡ ತಮ್ಮಾ. ಟಿಪ್ಪಣಿಯೊಳಗ ಹೆಸರು ಬರೆಯೂದಿಲ್ಲ, ಹುದ್ದೆ ಬರೀತಾರ.”

ಹಾಗಾಗಿ ಹುದ್ದೆಯನ್ನೇ ಬರೆಯುತ್ತೇನೆ. ಅವರು ಶಿರಸ್ತೇದಾರರು. ಧಾರವಾಡದ ಕಡೆಯ ತಾಲ್ಲೂಕು ಕಚೇರಿಗಳಲ್ಲಿ ರೇಷನ್ ಕಾರ್ಡು, ಸೀಮೆಎಣ್ಣೆ, ನ್ಯಾಯಬೆಲೆ ಅಂಗಡಿ ಇವುಗಳ ನಡುವೆ ಮೂವತ್ತೆರಡು ವರ್ಷ ಕೆಲಸ ಮಾಡಿ, ಆಹಾರ ಶಿರಸ್ತೇದಾರರಾಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳ ಮನೆಗೆ ಬಂದರು. ನಡುವೆ ಹತ್ತು ತಿಂಗಳು ಬಿಟ್ಟರೆ ನಾಲ್ಕು ವರ್ಷ ನಮ್ಮ ಎದುರು ಮನೆಯಲ್ಲಿದ್ದರು. ಕುಳ್ಳಗಿನ ದೇಹ, ಇಳಕಲ್ ಸೀರೆ, ಅದರ ಕೆಳಗೆ ಮೊಮ್ಮಗಳು ಆರಿಸಿಕೊಟ್ಟ ಕಿತ್ತಳೆ ಬಣ್ಣದ ಸ್ಪೋರ್ಟ್ಸ್ ಶೂ. ಈಜುಕೊಳದ ಸುತ್ತ ದಿನಾ ಹದಿನೈದು ಸುತ್ತು ನಡೆಯುತ್ತಿದ್ದರು, ಹದಿನಾಲ್ಕಕ್ಕೆ ಯಾರಾದರೂ ಮಾತಿಗೆ ಸಿಕ್ಕರೆ ಕೈಬೆರಳು ಮಡಚಿ ಲೆಕ್ಕ ಹಿಡಿದುಕೊಂಡೇ ಮಾತಾಡುತ್ತಿದ್ದರು.

ಅಮೆರಿಕ ಅವರ ಪಾಲಿಗೆ ಬಂದದ್ದು ಬದನೆಕಾಯಿ ಹೆಚ್ಚುವಾಗ. ಮಗಳು, ಅಳಿಯ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಅಡುಗೆ ಕಟ್ಟೆಯ ಮೇಲಿನ ಟ್ಯಾಬಿನಲ್ಲಿ ಯಾವುದೋ ಪ್ರವಚನ ಮುಗಿದು, ತಾನಾಗಿಯೇ ಇನ್ನೊಂದು ವಿಡಿಯೋ ಶುರುವಾಯಿತಂತೆ. ಟೈ ಕಟ್ಟಿದ ಬಿಳಿಯನೊಬ್ಬ ಮೇಜು ಗುದ್ದಿ ಹೇಳುತ್ತಿದ್ದ: ಸರಕಾರಕ್ಕೆ ಜನರ ಅಡುಗೆಮನೆಯಲ್ಲಿ ಏನು ಕೆಲಸ, ಸರಕಾರ ದೊಡ್ಡದಾದಷ್ಟೂ ಮನುಷ್ಯ ಸಣ್ಣವನಾಗುತ್ತಾನೆ. ಇವರು ಚಾಕು ಕೆಳಗಿಟ್ಟು ಪೂರ್ತಿ ಕೇಳಿದರು. ಅಲ್ಲಿನ ರಾತ್ರಿ ಎಂಟು ಇಲ್ಲಿನ ಬೆಳಿಗ್ಗೆ ಎಂಟು. ಅಮೆರಿಕದ ಸಂಪ್ರದಾಯವಾದಿ ವ್ಯಾಖ್ಯಾನಕಾರರೆಲ್ಲ ರಾತ್ರಿಯೂಟದ ಹೊತ್ತಿಗೆ ಗುಡುಗುವುದು ಇವರ ತರಕಾರಿ ಹೆಚ್ಚುವ ಹೊತ್ತಿಗೆ ಸರಿಯಾಗಿ ಹೊಂದಿಕೊಂಡಿತು.

“ನಿಮಗೆ ಅದೆಲ್ಲ ಯಾಕಮ್ಮ? ಸರ್ಕಾರ ಅಂದ್ರೆ ಏನು ಅಂತ ಅವನಿಗೇನು ಗೊತ್ತು?” ಎಂದು ನಾನು ಒಮ್ಮೆ ಕೆಣಕಿದೆ.

“ಅವಂಗ ಗೊತ್ತಿಲ್ಲದಿದ್ರ ಬಿಡು, ನನಗ ಗೊತ್ತೈತಿ. ಮೂವತ್ತೆರಡು ವರ್ಷ ನಾನ ಸರಕಾರ ಆಗಿದ್ದೆ. ಒಂದು ಕಾರ್ಡಿನಾಗ ಸೊಸಿ ಹೆಸರು ಸೇರಿಸಬೇಕಂದ್ರ ಏಳು ಮಂದಿ ಸಹಿ. ಏಳರೊಳಗ ಐದು ಮಂದಿ ಯಾಕ ಅದಾರಂತ ನನಗ ಇವತ್ತಿಗೂ ಗೊತ್ತಾಗಿಲ್ಲ.”

ಆ ಐದು ಜನರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಅಮೆರಿಕದ ರಾಜಕೀಯವನ್ನು ಅರ್ಥ ಮಾಡಿಕೊಂಡರು ಎಂದು ನನ್ನ ಅಂದಾಜು. ಆದರೆ ಕೇಳಿ ಬಿಡುವ ಜಾಯಮಾನ ಅವರದಲ್ಲ. ಒಂದೊಂದು ಕಾರ್ಯಕ್ರಮ ಮುಗಿದ ಮೇಲೂ ತಾಲ್ಲೂಕು ಕಚೇರಿಯ ಪದ್ಧತಿಯಂತೆ ಟಿಪ್ಪಣಿ ಬರೆಯುತ್ತಿದ್ದರು. ಮೇಲೆ ವಿಷಯ, ಎಡಕ್ಕೆ ಅಂಚು, ಕಂಡಿಕೆಗಳಿಗೆ ಸಂಖ್ಯೆ, ಕೊನೆಗೆ 'ಆದೇಶಕ್ಕಾಗಿ ಮಂಡಿಸಿದೆ'. ಹತ್ತೂವರೆಗೆ ಆ ಕಡತ ನಮ್ಮ ಮನೆಗೆ ಬರುತ್ತಿತ್ತು. ನಾನು ಮೈಸೂರಿನವನು, ಸಾಫ್ಟ್‌ವೇರ್ ಟೆಸ್ಟಿಂಗಿನ ಕೆಲಸ ಮನೆಯಿಂದಲೇ ಮಾಡುತ್ತೇನೆ, ಅಮೆರಿಕದ ವಿಷಯದಲ್ಲಿ ಅವರಿಗೆ ತದ್ವಿರುದ್ಧ. ಸಂಜೆಯೊಳಗೆ ನಾನು ಅದರ ಕೆಳಗೆ ನನ್ನ ಭಿನ್ನಾಭಿಪ್ರಾಯ ಬರೆದು ವಾಪಸು ಕಳಿಸಬೇಕು. ತಡವಾದರೆ ಮರುದಿನ ಬಾಗಿಲ ಸಂದಿಯಿಂದ 'ನೆನಪೋಲೆ-೧' ಎಂಬ ಚೀಟಿ ಒಳಗೆ ತೂರಿ ಬರುತ್ತಿತ್ತು. ಮ್ಯಾನೇಜರಿನ ಮೇಲ್‌ಗೆ ಎರಡು ದಿನ ಉತ್ತರಿಸದ ನಾನು ಆ ಚೀಟಿಗೆ ಹೆದರುತ್ತಿದ್ದೆ.

ಈಗ ಆ ಟಿಪ್ಪಣಿಗಳನ್ನು ತಿರುವಿ ಹಾಕುತ್ತಿದ್ದರೆ ನಗು ಬರುತ್ತದೆ. 'ವಿಷಯ: ಅಮೆರಿಕ ಸರಕಾರ ಬಂದ್ ಆಗಿರುವ ಕುರಿತು. ನಮ್ಮ ಕಚೇರಿಯು ಎರಡನೇ ಶನಿವಾರ ಹೊರತುಪಡಿಸಿ ಬಂದ್ ಆದ ಉದಾಹರಣೆ ಇರುವುದಿಲ್ಲ. ಬಂದ್ ಆದರೂ ದೇಶ ನಡೆದಿರುವುದು ಗಮನಾರ್ಹ.' ಹಳೆಯ ಪ್ರತಿಮೆಗಳನ್ನು ತೆಗೆಯಬೇಕೋ ಬೇಡವೋ ಎಂಬ ಜಗಳದ ಬಗ್ಗೆ: 'ನಿಲ್ಲಿಸಲು ಒಂದು ಟೆಂಡರ್ ಆಗಿದೆ. ತೆಗೆಯಲು ಇನ್ನೊಂದು. ಇಟ್ಟಲ್ಲೇ ಇಡುವುದು ಸೂಕ್ತ.' ಬಂದೂಕಿನ ಹಕ್ಕಿನ ಬಗ್ಗೆ ಒಂದೇ ಸಾಲು: 'ಈ ಕುರಿತು ಈ ಶಾಖೆಯಲ್ಲಿ ಮಾಹಿತಿ ಲಭ್ಯವಿಲ್ಲ.' ತಾವು ಮೆಚ್ಚಿದ ವ್ಯಾಖ್ಯಾನಕಾರರನ್ನೂ ಅವರು ಬಿಟ್ಟವರಲ್ಲ. ಬಡವರಿಗೆ ಕೊಡುವ ಆಹಾರದ ಚೀಟಿಯನ್ನೇ ರದ್ದು ಮಾಡಬೇಕೆಂದು ಒಬ್ಬ ಅಬ್ಬರಿಸಿದಾಗ, 'ಇವರು ಎಂದೂ ರೇಷನ್ ಅಂಗಡಿ ಮುಂದೆ ನಿಂತಿಲ್ಲವೆಂದು ಕಂಡುಬರುತ್ತದೆ. ಧ್ವನಿ ಜೋರಾಗಿರುವುದರಿಂದ ವಿಷಯ ಸ್ಪಷ್ಟವಾಗಿಲ್ಲ' ಎಂದು ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ.

ಅಮೆರಿಕವೇ ಯಾಕೆ ಎಂದು ಬೇರೆಯವರೂ ಕೇಳುತ್ತಿದ್ದರು. ನಮ್ಮ ಕಾಂಡೋದಲ್ಲಿ, ಅಂದರೆ ಈ ಬಹುಮಹಡಿ ವಸತಿಯಲ್ಲಿ, ಏಳೆಂಟು ಕನ್ನಡದ ಮನೆಗಳಿವೆ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ಕೆಳಗಿನ ಹಾಲಿನಲ್ಲಿ ಸೇರುತ್ತೇವೆ. ಮೊದಲೆಲ್ಲ ಅಲ್ಲಿ ನಮ್ಮ ದೇಶದ ರಾಜಕೀಯದ ಮಾತು ಎದ್ದು, ಬಿಸಿಬೇಳೆಬಾತ್ ತಣ್ಣಗಾಗಿ, ಎರಡು ಮನೆಗಳ ನಡುವೆ ಮೂರು ತಿಂಗಳು ಮಾತು ನಿಂತದ್ದೂ ಇದೆ. ಶಿರಸ್ತೇದಾರರು ಬಂದ ಎರಡನೇ ಭಾನುವಾರ ಎದ್ದು ನಿಂತು ತೀರ್ಪು ಕೊಟ್ಟರು.

“ಇಂಡಿಯಾದ ಮಾತು ಬ್ಯಾಡ, ಊಟ ಕೆಡ್ತೈತಿ. ಮಲೇಶಿಯಾದ ಮಾತೂ ಬ್ಯಾಡ. ಇವರ ಮನ್ಯಾಗ ಕುಂತು ಇವರ ಸಂಸಾರದ ಬಗ್ಗೆ ನಾವು ಮಾತಾಡಬಾರದು. ಜಗಳಾ ಆಡಬೇಕಂದ್ರ ಅಮೆರಿಕಾ ತಗೋರಿ. ಅವರಿಗೇನು ಬ್ಯಾಸರಿಲ್ಲ.”

ಅಂದಿನಿಂದ ನಮ್ಮ ಭಾನುವಾರಗಳು ಸುಧಾರಿಸಿದವು. ಮಂಗಳೂರಿನ ದಂಪತಿ ಅಮೆರಿಕದ ತೆರಿಗೆ ಇಳಿಸಬೇಕೆಂದರು, ಬೆಂಗಳೂರಿನವರು ಏರಿಸಬೇಕೆಂದರು, ಇಬ್ಬರೂ ಒಂದೇ ತಟ್ಟೆಯ ಹಪ್ಪಳ ಮುರಿದು ತಿಂದರು.

ನಮ್ಮಿಬ್ಬರ ಜಗಳದಲ್ಲಿ ಎಲ್ಲಕ್ಕಿಂತ ದಪ್ಪಗಾದದ್ದು 'ಅಮೆರಿಕ: ಗಡಿ' ಎಂಬ ಕಡತ. ಅನುಮತಿ ಇಲ್ಲದೆ, ಅಥವಾ ಅನುಮತಿ ಮುಗಿದ ಮೇಲೂ ಆ ದೇಶದಲ್ಲಿ ಉಳಿದುಕೊಂಡವರನ್ನು ಏನು ಮಾಡಬೇಕು? ಅವರ ನಿಲುವು ಆ ಟೈನವನಷ್ಟೇ ಖಡಾಖಂಡಿತ. ಕಾಯ್ದೆ ಎಂದರೆ ಕಾಯ್ದೆ, ಅವರು ಹೊರಡಬೇಕು, ಬೇಕಾದರೆ ಮತ್ತೆ ಕೇಳಿಕೊಂಡು ಬರಲಿ. ನಾನು ಪುಟಗಟ್ಟಲೆ ಬರೆದೆ. ಅವರ ಮಕ್ಕಳ ಗತಿ ಏನು, ಗರ್ಭಿಣಿಯರ ಗತಿ ಏನು, ಕರುಣೆ ಎಂಬುದೊಂದಿಲ್ಲವೇ. ಬರೆದು ಮುಗಿಸಿದ ದಿನ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಮೂಡುತ್ತಿತ್ತು. ಅವರು ಕೆಳಗೆ 'ಓದಿದೆ. ಅಕ್ಷರ ಸುಧಾರಿಸಬೇಕು' ಎಂದು ಬರೆದು ಕಳಿಸುತ್ತಿದ್ದರು.

ಹೀಗಿರುವಾಗ ಅವರ ಮಗಳು ಎರಡನೇ ಸಲ ಗರ್ಭಿಣಿಯಾದಳು. ಮೊದಲನೇ ಬಾಣಂತನದ ಹೊತ್ತಿಗೆ ತಾಯಿ ಕೆಲಸದಲ್ಲಿದ್ದರು, ರಜೆ ಸಿಕ್ಕಿರಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡದ್ದು ಅವಳು ನಡೆಯಲು ಕಲಿತ ಮೇಲೆ. ಆ ಕೊರಗು ಅವರಿಗೆ ಎಷ್ಟಿತ್ತೆಂದರೆ, ಏಳನೇ ತಿಂಗಳು ತುಂಬುವ ಮೊದಲೇ ಬ್ರಿಕ್‌ಫೀಲ್ಡ್ಸ್‌ನ ಭಾರತೀಯ ಅಂಗಡಿಗಳನ್ನೆಲ್ಲ ಸುತ್ತಿ ತಿನ್ನುವ ಅಂಟು, ಉತ್ತುತ್ತಿ, ಒಣಕೊಬ್ಬರಿ ತಂದು ಡಬ್ಬ ತುಂಬಿಸಿದ್ದರು. ಬಾಣಂತಿಗೆ ಅಂಟಿನ ಉಂಡೆ ತಾವೇ ಕಟ್ಟಬೇಕು, ಕೂಸಿಗೆ ಮೊದಲ ಎಣ್ಣೆ ತಾವೇ ಹಚ್ಚಬೇಕು. “ಈ ಸಲ ನಾ ಕೈಯಾಗ ಹಿಡೀತೀನಿ” ಎಂದು ವಾರಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಕಾಂಡೋದ ಆಫೀಸಿನವರು ಲಿಫ್ಟಿನ ಕಾರ್ಡು ಬದಲಾಯಿಸಿಕೊಡುತ್ತೇವೆ, ಪಾಸ್‌ಪೋರ್ಟ್ ಮತ್ತು ಪಾಸ್ ತನ್ನಿ ಎಂದರು. ಮಲೇಶಿಯಾದಲ್ಲಿ ನಾವೆಲ್ಲ ಉಳಿದುಕೊಂಡಿರುವುದು ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಪಾಸಿನ ಬಲದಿಂದ. ಶಿರಸ್ತೇದಾರರ ಜೊತೆ ನಾನೂ ಹೋಗಿದ್ದೆ. ಅವರು ಹೊಸ ಪಾಸ್‌ಪೋರ್ಟ್ ಕೊಟ್ಟರು. ಹಳೆಯದರ ಅವಧಿ ಮುಗಿಯುತ್ತಿದೆಯೆಂದು ಕೆಲವು ತಿಂಗಳ ಹಿಂದಷ್ಟೇ ಮಾಡಿಸಿದ್ದು. ಹತ್ತು ವರ್ಷ ಚಿಂತೆಯಿಲ್ಲ ಎಂದು ಮನೆಯವರೆಲ್ಲ ನಿಶ್ಚಿಂತರಾಗಿದ್ದರು. ಅದರಲ್ಲಿ ಪಾಸ್ ಇರಲಿಲ್ಲ. ಪಾಸ್ ಇದ್ದದ್ದು ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟಿನಲ್ಲಿ, ಅದು ಇದ್ದದ್ದು ಸೂಟ್‌ಕೇಸಿನ ತಳದಲ್ಲಿ. ಅವರು ಮೇಲೆ ಹೋಗಿ ಅದನ್ನು ತಂದು, ಕನ್ನಡಕ ಏರಿಸಿ, ತಾರೀಖು ಓದಿದರು. ಹಳೆಯ ಪಾಸ್‌ಪೋರ್ಟಿನ ಜೊತೆಗೇ ಪಾಸೂ ಮುಗಿದಿತ್ತು. ಮುಗಿದು ಇಪ್ಪತ್ತಮೂರು ದಿನ ಆಗಿತ್ತು.

ಅವರು ಎರಡು ಸಲ ಬೆರಳು ಮಡಚಿ ಎಣಿಸಿದರು. ಆಮೇಲೆ ಅಲ್ಲಿದ್ದ ಕುರ್ಚಿಯ ಮೇಲೆ ಕುಳಿತರು. ಅವರ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

“ತಮ್ಮಾ, ಇಪ್ಪತ್ತಮೂರು ದಿನದಿಂದ ನಾ ಇಲ್ಲಿ ಇರಬಾರದಿತ್ತು.”

ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಏನು ಎಂಬುದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ ಅನುಮತಿ ಮುಗಿದವರ ಪರವಾಗಿ ಪುಟಗಟ್ಟಲೆ ಕರುಣೆ ಬರೆದವನು ನಾನು. “ಅಮ್ಮ, ನನಗೊಬ್ಬ ಏಜೆಂಟ್ ಗೊತ್ತು, ಹೇಗಾದ್ರೂ ಸರಿ ಮಾಡಿಸ್ತಾನೆ, ನೀವು ಎಲ್ಲೂ ಹೋಗ್ಬೇಡಿ, ಯಾರಿಗೂ ಹೇಳ್ಬೇಡಿ” ಎಂದುಬಿಟ್ಟೆ.

ಅವರು ನನ್ನನ್ನು ಬೈಯಲಿಲ್ಲ. “ಇಂಥಾ ಏಜೆಂಟರನ್ನ ನಾ ಮೂವತ್ತೆರಡು ವರ್ಷ ಕಚೇರಿ ಮೆಟ್ಟಲದಿಂದ ಇಳಿಸೀನಿ. ಈಗ ನಾನ ಅವರ ಮೆಟ್ಟಲ ಹತ್ತಬೇಕೇನು?” ಎಂದು ಕೇಳಿದರು, ಅಷ್ಟೇ. ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡರು. ಆ ಹಾಳೆ ಈಗ 'ಗಡಿ' ಕಡತದಲ್ಲಿ ಎಲ್ಲಕ್ಕಿಂತ ಮೇಲಿದೆ.

'ವಿಷಯ: ಪಾಸಿನ ಅವಧಿ ಮುಗಿದ ನಂತರವೂ ಉಳಿದುಕೊಂಡಿರುವ ಕುರಿತು. ೧. ಸದರಿಯವಳು ಅಕ್ಷರಸ್ಥಳು, ನಿವೃತ್ತ ಸರಕಾರಿ ನೌಕರಳು. ಆದ್ದರಿಂದ ತಿಳಿಯಲಿಲ್ಲ ಎಂಬ ಸಬೂಬು ಒಪ್ಪತಕ್ಕದ್ದಲ್ಲ. ೨. ತಾರೀಖು ನೋಡುವುದು ಅವಳದೇ ಜವಾಬ್ದಾರಿಯಾಗಿತ್ತು, ಮಗಳದ್ದಲ್ಲ, ಅಳಿಯನದ್ದಲ್ಲ. ೩. ನಾಳೆ ಬೆಳಿಗ್ಗೆ ಖುದ್ದಾಗಿ ಹಾಜರಾಗತಕ್ಕದ್ದು.'

ಕೆಳಗೆ ನಾನು ಗಡಿಬಿಡಿಯಲ್ಲಿ ಗೀಚಿದೆ: 'ಮಗಳಿಗೆ ಏಳು ತಿಂಗಳು. ಅನುಕಂಪದ ಆಧಾರದ ಮೇಲೆ ಪರಿಗಣಿಸಬೇಕು.' ಅದಕ್ಕೆ ಅವರ ಉತ್ತರ ಕೆಂಪು ಶಾಯಿಯಲ್ಲಿದೆ: 'ಅನುಕಂಪ ತೋರಿಸುವ ಅಧಿಕಾರ ತಪ್ಪು ಮಾಡಿದವರಿಗೆ ಇರುವುದಿಲ್ಲ.'

ಸಂಜೆ ಮಗಳು ಬಂದು ಅತ್ತಳು. ಎಂಟು ವರ್ಷದ ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತಳು. “ಅಜ್ಜಿ, ಯು ಕಾಂಟ್ ಗೋ ಲಾ. ಬೇಬಿ ಈಸ್ ಕಮಿಂಗ್.” ಶಿರಸ್ತೇದಾರರು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕುಳಿತರು. “ನೀ ಶಾಲ್ಯಾಗ ಲೇಟಾದ್ರ ಟೀಚರ್‌ಗೆ ಏನ ಹೇಳ್ತಿ? ಲೇಟಾತು ಅಂತ ಹೇಳ್ತಿಯಲ್ಲಾ? ನಾನೂ ಅದನ್ನ ಹೇಳಿ ಬರ್ತೀನಿ” ಎಂದರು.

ಮರುದಿನ ಅಳಿಯನಿಗೆ ಆಫೀಸಿನಲ್ಲಿ ತಪ್ಪಿಸಲಾಗದ ಮೀಟಿಂಗ್. ಅವರನ್ನು ಇಮಿಗ್ರೇಶನ್ ಆಫೀಸಿಗೆ ಕರೆದುಕೊಂಡು ಹೋದದ್ದು ನಾನು. ಟೋಕನ್ ತೆಗೆದುಕೊಂಡು ಕುಳಿತೆವು. ನಾನು ಟೋಕನ್ನಿನ ಸಂಖ್ಯೆಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ, ಅವರು ಮಾತ್ರ ಹಳೆಯ ಊರಿಗೆ ಬಂದವರ ಹಾಗೆ ಸುತ್ತ ನೋಡುತ್ತಿದ್ದರು. ಪಕ್ಕದಲ್ಲಿ ಬಾಂಗ್ಲಾದೇಶದ ಒಬ್ಬ ಕಾರ್ಮಿಕ ಫಾರಂ ತಲೆಕೆಳಗಾಗಿ ಹಿಡಿದುಕೊಂಡಿದ್ದ. ಇವರು ಅದನ್ನು ಮೆಲ್ಲಗೆ ತೆಗೆದುಕೊಂಡು, ತಮಗೆ ಬರುವ ಹರಕು ಹಿಂದಿಯಲ್ಲಿ ಕೇಳಿ ಕೇಳಿ ತುಂಬಿಸಿಕೊಟ್ಟರು. ಅವನ ಹಿಂದೆ ಇನ್ನಿಬ್ಬರು ಬಂದರು. ನಮ್ಮ ಸಂಖ್ಯೆ ಬರುವಷ್ಟರಲ್ಲಿ ಶಿರಸ್ತೇದಾರರು ಒಂಬತ್ತು ಜನರ ಫಾರಂ ತುಂಬಿಸಿದ್ದರು.

“ಇವರೂ ಅನುಮತಿ ಮುಗಿದವರೇ ಅಲ್ವಾ ಅಮ್ಮ?” ಎಂದು ನಾನು ಚುಚ್ಚಿದೆ.

“ಹೌದು. ಕಾಯ್ದೆ ಬಿಗಿ ಇರಬೇಕು ತಮ್ಮಾ. ಕೌಂಟರ್ ಮೆತ್ತಗಿರಬೇಕು. ನಿಮ್ಮ ಅಮೆರಿಕಾದಾಗ ಎರಡೂ ಕಡೆ ಮಂದಿ ಅರ್ಧರ್ಧ ಮಾತು ಒದರ್ತಾರ.”

ಕೌಂಟರಿನಲ್ಲಿ ತಲೆಗೆ ತುಡುಂಗ್ ಎಂಬ ವಸ್ತ್ರ ಸುತ್ತಿಕೊಂಡ ಚಿಕ್ಕ ವಯಸ್ಸಿನ ಅಧಿಕಾರಿ. ಎರಡು ಪಾಸ್‌ಪೋರ್ಟನ್ನೂ ನೋಡಿ, “ಮಕ್ಚಿಕ್, ಹುಷಾರಿರಲಿಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಕ್ಚಿಕ್ ಎಂದರೆ ಇಲ್ಲಿ ದೊಡ್ಡವರನ್ನು ಚಿಕ್ಕಮ್ಮ ಎಂದು ಕರೆದ ಹಾಗೆ. ನಾನು ಹಿಂದಿನಿಂದ, “ಹೌದು ಅನ್ನಿ ಅಮ್ಮ, ಬಿಪಿ ಇತ್ತು ಅನ್ನಿ” ಎಂದು ಪಿಸುಗುಟ್ಟಿದೆ.

“ನೋ ಸಿಕ್,” ಎಂದರು ಶಿರಸ್ತೇದಾರರು, ತಮ್ಮ ತಾಲ್ಲೂಕು ಕಚೇರಿಯ ಇಂಗ್ಲಿಷಿನಲ್ಲಿ. “ಐ ವಾಕ್ ಡೇಲಿ. ಐ ಫರ್ಗಾಟ್ ದಿ ಡೇಟ್. ಮೈ ಮಿಸ್ಟೇಕ್.”

ಆ ಹುಡುಗಿ ತಲೆಯೆತ್ತಿ ಅವರ ಮುಖ ನೋಡಿ, ನಕ್ಕು, ಒಳಗೆ ಹೋಗಿ ಬಂದಳು. ದಂಡ ಕಟ್ಟಿಸಿಕೊಂಡು ತೀರ್ಮಾನ ತಿಳಿಸಿದಳು. ಹದಿನಾಲ್ಕು ದಿನದೊಳಗೆ ಊರಿಗೆ ಹೊರಡಬೇಕು, ಅಲ್ಲಿಂದ ಹೊಸದಾಗಿ ಅರ್ಜಿ ಹಾಕಬಹುದು, ಎಷ್ಟು ದಿನ ಹಿಡಿಯುತ್ತದೆಂದು ಹೇಳಲಾಗದು. ಹೆರಿಗೆಗೆ ಎರಡು ತಿಂಗಳಿತ್ತು.

ಕಾರಿನಲ್ಲಿ ವಾಪಸು ಹೊರಟೆವು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಿರಲಿಲ್ಲ. ಅವರೇ ಮಾತು ತೆಗೆದರು. “ಸಿಕ್ಕಾ ಎಷ್ಟ ನೆಟ್ಟಗ ಒತ್ತಿದ್ಲು ನೋಡಿದಿಯೇನು? ನಮ್ಮ ಕಚೇರಿಯೊಳಗ ಇಂಥಾ ಹುಡುಗಿ ಒಬ್ಬಾಕಿ ಇದ್ದಿದ್ರ ನಾ ಇನ್ನೂ ಎರಡು ವರ್ಷ ಖುಷೀಲೆ ಇರ್ತಿದ್ದೆ.” ಆಮೇಲೆ ತಮಿಳು ಮುಸ್ಲಿಮರ ಒಂದು ಮಾಮಕ್ ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಹೇಳಿ, ಹಸಿವಾಗೈತಿ ಎಂದರು. ಎರಡು ರೋಟಿ ಚನಾಯ್ ತಿಂದು, ಮನೆಯವರಿಗೂ ಆರು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡರು.

ಆ ಹದಿನಾಲ್ಕು ದಿನ ಎದುರು ಮನೆ ಒಂದು ತರಬೇತಿ ಕೇಂದ್ರವಾಯಿತು. ಅಂಟನ್ನು ತುಪ್ಪದಲ್ಲಿ ಎಷ್ಟು ಅರಳಿಸಬೇಕು, ಬೆಲ್ಲದ ಪಾಕ ಯಾವಾಗ ಇಳಿಸಬೇಕು ಎಂದು ನನ್ನ ಹೆಂಡತಿಗೂ ನನಗೂ ಅಳಿಯನಿಗೂ ಪಾಠ. ಕೂಸಿಗೆ ಎಣ್ಣೆ ಹಚ್ಚುವುದನ್ನು ಮೊಮ್ಮಗಳ ಗೊಂಬೆಯ ಮೇಲೆ ಕಲಿಸಿದರು. ಅಳಿಯ ಗೊಂಬೆಯನ್ನು ಎರಡು ಸಲ ಕೆಳಗೆ ಬೀಳಿಸಿ, ಮರುಪರೀಕ್ಷೆಯಲ್ಲಿ ಪಾಸಾದ. ನಾನು ಕಟ್ಟಿದ ಉಂಡೆಗಳನ್ನು ಅವರು ಒಂದು ಬೇರೆ ಡಬ್ಬಕ್ಕೆ ಹಾಕಿ, 'ಅಂಗೀಕೃತವಲ್ಲ, ಮನೆಬಳಕೆಗೆ' ಎಂದು ಚೀಟಿ ಅಂಟಿಸಿದರು. ಬೆಳಗಿನ ಎಂಟಕ್ಕೆ ಟೈನವನು ಗುಡುಗುವುದೂ ನಿಲ್ಲಲಿಲ್ಲ. ಒಂದು ದಿನ ಅವನು ಪಾಸು ಮುಗಿದವರ ವಿಷಯವನ್ನೇ ಎತ್ತಿ, ಅವರೆಲ್ಲ ಕಳ್ಳರು ಎಂದ. ಶಿರಸ್ತೇದಾರರು ಟ್ಯಾಬಿನತ್ತ ತಿರುಗಿ, “ಕಳ್ಳರಲ್ಲಪಾ, ಮರೆತವರೂ ಇರ್ತಾರ. ಕಳಿಸು, ಆದ್ರ ಬೈಬ್ಯಾಡ” ಎಂದರು. ಅವರ ನಿಲುವು ಬದಲಾಯಿತೇ ಎಂದು ನನ್ನನ್ನು ಕೇಳಿದರೆ, ಬದಲಾಗಲಿಲ್ಲ. ಬದಲಾದವನು ನಾನು. ಅಂದಿನಿಂದ ಕರುಣೆಯ ಬಗ್ಗೆ ಬರೆಯುವ ಮೊದಲು, ನನ್ನ ಫೋನಿನಲ್ಲಿ ಆ ಏಜೆಂಟಿನ ನಂಬರು ಇನ್ನೂ ಇದೆಯೇ ಎಂದು ನೋಡಿಕೊಳ್ಳುತ್ತೇನೆ. ಅಳಿಸಿದ್ದೇನೆ, ಆದರೂ ನೋಡುತ್ತೇನೆ.

ಹದಿಮೂರನೇ ದಿನ ಅವರು ಹೊರಟರು. ಒಂದು ದಿನ ಉಳಿಸಿದ್ದು ಯಾಕೆ ಎಂದರೆ, “ವಿಮಾನ ರದ್ದಾದ್ರ?” ಎಂದರು. ಧಾರವಾಡದಲ್ಲಿ ತಂಗಿಯ ಮನೆ ಸೇರಿದ ಮರುದಿನವೇ ಹೊಸ ಅರ್ಜಿ ಹೋಯಿತು.

ಮಗು ಹುಟ್ಟಿತು, ಗಂಡು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಳಿಯನ ಎರಡೂ ಕೈಯಲ್ಲಿ ಕೆಲಸವಿದ್ದುದರಿಂದ ವಿಡಿಯೋ ಕರೆ ಮಾಡಿ ಮಗುವಿನ ಮೇಲೆ ಫೋನು ಹಿಡಿದವನು ನಾನು. ಪ್ರಪಂಚದ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿದ್ದ ಆ ಹೆಂಗಸು ಫೋನಿಗೆ ಮುಖ ಹತ್ತಿರ ತಂದು ಮಗುವನ್ನೇ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನಗೆ ತಡೆಯಲಾಗಲಿಲ್ಲ.

“ಅಮ್ಮ, ಅವತ್ತು ಹುಷಾರಿರಲಿಲ್ಲ ಅಂತ ಒಂದು ಮಾತು ಅಂದಿದ್ರೆ, ಈಗ ಇವನು ನಿಮ್ಮ ತೊಡೆ ಮೇಲೆ ಇರ್ತಿದ್ನೋ ಏನೋ.”

“ಇರ್ತಿದ್ದ,” ಎಂದರು. “ನನಗ ಭಾಳ ಅನಸ್ತೈತಿ ತಮ್ಮಾ, ಇಲ್ಲ ಅನ್ನೂದಿಲ್ಲ. ಆದ್ರ ಇವನ್ನ ನೋಡಿದಾಗೆಲ್ಲಾ ಆ ಸುಳ್ಳು ನೆನಪಾಗ್ತಿತ್ತು. ಇವನ ಕಿವ್ಯಾಗ ಒಂದು ಮಾತು ಹೇಳಪಾ. ಅಜ್ಜಿ ಪಾಳೇದಾಗ ನಿಂತಾಳ, ಅಕಿ ನಂಬರ್ ಬಂದ ಕೂಡ್ಲೆ ಬರ್ತಾಳ ಅಂತ ಹೇಳು.”

ನಾನು ಮಗುವಿನ ಪಕ್ಕಕ್ಕೆ ಬಗ್ಗಿ, ನನ್ನ ಮೈಸೂರಿನ ಬಾಯಿಗೆ ಬಂದಷ್ಟು ಧಾರವಾಡದ ಕನ್ನಡದಲ್ಲಿ, ಅದನ್ನು ಒಂದಕ್ಷರ ಬಿಡದೆ ಹೇಳಿದೆ.